ಊಟ ಮಾಡದ ದಿನದ ಸೂಜಿ

ನಮ್ಮದು ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ಬೇಯಿಸುವ ದಿನಗಳಲ್ಲಿ ಅಪ್ಪ, ಅವ್ವ ರಾತ್ರಿಯೆಲ್ಲ ಬ್ಯಾರನ್ ಬೆಂಕಿ ಕಾಯುತ್ತಾರೆ. ಟೈಪ್ 1 ಮಧುಮೇಹವಿರುವ ತಮ್ಮನನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ನಾನು ಬಿ.ಕಾಂ. ಓದುತ್ತಿದ್ದಾಗ ಅವನಿಗೆ ಜ್ವರ ಬಂತು. ತಿಂದದ್ದೆಲ್ಲ ವಾಂತಿ. ‘ಅಕ್ಕಾ, ಇನ್ಸುಲಿನ್ ತಗೊಳ್ಳಲಾ?’ ಎಂದು ಕೇಳಿದ. ‘ಊಟನೇ ಮಾಡಿಲ್ವಲ್ಲೋ, ಶುಗರ್ ಇಳಿದುಬಿಟ್ರೆ? ಇವತ್ತು ಬೇಡ’ ಎಂದೆ. ಮರುದಿನವೂ ಅದನ್ನೇ ಹೇಳಿದೆ. ತಪ್ಪು ನನ್ನದೇ.

ಮೂರನೆಯ ದಿನ ಬೆಳಗಿನ ಜಾವ ಅವನ ಉಸಿರಿನ ಸದ್ದಿಗೆ ಎಚ್ಚರವಾಯಿತು. ಓಡಿ ಬಂದವನ ಹಾಗೆ ಆಳವಾದ ಏದುಸಿರು, ಬಾಯಿಂದ ಕಳಿತ ಹಣ್ಣಿನಂಥ ವಾಸನೆ. ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಗ್ಲುಕೋಮೀಟರಿನಲ್ಲಿ ಅಂಕಿಯ ಬದಲು ‘ಹೈ’ ಎಂದು ಬಂತು. ಅದರ ಅಳತೆಯನ್ನೇ ಮೀರಿತ್ತು. ಪಕ್ಕದ ಮನೆಯ ಅಜ್ಜಿ ಬಾಯಿಗೆ ನೀರು ಬಿಡಲು ಬಂದರು, ತಡೆದೆ. ಪ್ರಜ್ಞೆ ಇಲ್ಲದವರಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ ಎಂಬುದಷ್ಟು ಗೊತ್ತಿತ್ತು. 108 ಬಂತು. ಅರಕಲಗೂಡಿನಲ್ಲಿ ಡ್ರಿಪ್ ಹಾಕಿ ಹಾಸನಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅವನ ಕಾಲು ಹಿಡಿದುಕೊಂಡಿದ್ದ ಅವ್ವನ ಕೈಯಲ್ಲಿ ಸೊಪ್ಪಿನ ಅಂಟು ಹಾಗೇ ಇತ್ತು.

ಐಸಿಯುನಲ್ಲಿ ಇನ್ಸುಲಿನ್ ಒಟ್ಟಿಗೇ ಏಕೆ ಕೊಡುತ್ತಿಲ್ಲ ಎಂದು ನನಗೆ ಸಿಟ್ಟು. ಡ್ಯೂಟಿ ಡಾಕ್ಟರ್ ಬಿಡಿಸಿ ಹೇಳಿದರು: ಮೊದಲು ಮೈ ಕಳೆದುಕೊಂಡ ನೀರನ್ನು ಸಲೈನ್‌ನಿಂದ ತುಂಬಬೇಕು. ಪೊಟ್ಯಾಸಿಯಂ ನೋಡಬೇಕು, ಇನ್ಸುಲಿನ್ ಅದನ್ನು ಜೀವಕೋಶದೊಳಗೆ ತಳ್ಳುತ್ತದೆ, ರಕ್ತದಲ್ಲಿ ತೀರಾ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಆಮೇಲೆ ಪಂಪಿನಲ್ಲಿ ಗಂಟೆಗೆ ಇಷ್ಟಿಷ್ಟೇ ಇನ್ಸುಲಿನ್. ಅವಸರ ಮಾಡಿದರೆ, ಅದರಲ್ಲೂ ಮಕ್ಕಳಲ್ಲಿ, ಮಿದುಳು ಊದಿಕೊಳ್ಳುವ ಅಪಾಯವಿದೆ. ಶುಗರ್ 250ರ ಹತ್ತಿರ ಬಂದಾಗ ಗ್ಲುಕೋಸ್ ಡ್ರಿಪ್ ಸೇರಿಸಿದರು. ಸಕ್ಕರೆ ಕಾಯಿಲೆಯವನಿಗೆ ಗ್ಲುಕೋಸ್! ರಕ್ತದಲ್ಲಿ ಸೇರಿದ ಕೀಟೋನ್ ಆಮ್ಲ ಹೋಗುವವರೆಗೂ ಇನ್ಸುಲಿನ್ ನಿಲ್ಲಿಸುವಂತಿಲ್ಲ, ಅದಕ್ಕಂತೆ.

ನನ್ನ ತಪ್ಪು ಅರ್ಥವಾದದ್ದೂ ಅಲ್ಲೇ. ಜ್ವರದಲ್ಲಿ ಊಟ ಬಿಟ್ಟರೂ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಇನ್ಸುಲಿನ್ ಇಲ್ಲದ ಮೈ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡುತ್ತದೆ. ಡೋಸ್ ಬದಲಾಗಬಹುದು, ಡಾಕ್ಟರನ್ನು ಕೇಳಬೇಕು. ಪೂರ್ತಿ ಬಿಡುವ ಹಾಗಿಲ್ಲ.

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು ಎಂದು ಆಮೇಲೆ ಓದಿದೆ. ಅವನಿಗೆ 14 ವರ್ಷ. ನನ್ನ ತಮ್ಮನಿಗೂ ಆಗ ಅಷ್ಟೇ.

ಎರಡನೆಯ ದಿನ ಸಂಜೆ ಕಣ್ಣು ಬಿಟ್ಟ. ಈಗ ಪಿಯುಸಿ. ಜ್ವರ ಬಂದರೆ ತಾನೇ ಶುಗರ್ ನೋಡಿಕೊಂಡು ಡಾಕ್ಟರಿಗೆ ಫೋನ್ ಮಾಡುತ್ತಾನೆ. ನನ್ನನ್ನು ಕೇಳುವುದಿಲ್ಲ.