ನ್ಯೂ ಟೌನ್‌ನಿಂದ ಕಂಡ ಬೆಂಗಳೂರು

ಡಿಸೆಂಬರ್‌ನಲ್ಲಿ ಕೋಲ್ಕತ್ತಾದ ನ್ಯೂ ಟೌನ್‌ಗೆ ಬಂದಿಳಿದ ಬೆಂಗಳೂರಿನವರಿಗೆ ಮೊದಲು ಕೈಕೊಡೋದು ಗಡಿಯಾರ. ಸಂಜೆ 5 ಗಂಟೆಗೆಲ್ಲ ಸೂರ್ಯ ನಾಪತ್ತೆ! ಎರಡೂ ಊರಿಗೆ ಒಂದೇ ಟೈಮು, ಆದರೆ ಕೋಲ್ಕತ್ತಾ ಸುಮಾರು 11 ಡಿಗ್ರಿ ಪೂರ್ವಕ್ಕಿದೆ.

ಉಳಿದಿದ್ದೆಲ್ಲ ಗೊತ್ತಿರೋದೇ. ಗಾಜಿನ ಕಟ್ಟಡ, ಐಟಿ ಕಂಪನಿ, ಅಪಾರ್ಟ್‌ಮೆಂಟು. ವೈಟ್‌ಫೀಲ್ಡ್‌ಗೆ ಅಗಲವಾದ ರಸ್ತೆ ಕೊಟ್ಟಂಗಿದೆ, ಅಷ್ಟೇ. ಇಲ್ಲೂ ಹಿಂದೆ ಗದ್ದೆ, ಕೆರೆ-ಕುಂಟೆ ಇದ್ದವು.

ಆದರೆ ಸ್ವಲ್ಪ ದಕ್ಷಿಣಕ್ಕೆ ಹೋಗಿ. ಪೂರ್ವ ಕೋಲ್ಕತ್ತಾದ ಜೌಗು ಪ್ರದೇಶ: ಸುಮಾರು 12,500 ಹೆಕ್ಟೇರ್, 2002ರಿಂದ ಅಂತರರಾಷ್ಟ್ರೀಯ ಮಾನ್ಯತೆಯ ರಾಮ್ಸಾರ್ ತಾಣ. ನಗರದ ಕೊಳಚೆ ನೀರು ಕಾಲುವೆಗಳಲ್ಲಿ ಹರಿದು ಇಲ್ಲಿಗೆ ಬರುತ್ತೆ. 'ಭೇರಿ' ಅನ್ನೋ ಆಳವಿಲ್ಲದ ಕೊಳಗಳಲ್ಲಿ ನಿಲ್ಲುತ್ತೆ. ಬಿಸಿಲು, ಪಾಚಿ, ಬ್ಯಾಕ್ಟೀರಿಯಾ ಸೇರಿ ಅದನ್ನ ತಿಳಿ ಮಾಡ್ತವೆ. ಆ ನೀರಲ್ಲೇ ರೋಹು, ಕಾಟ್ಲಾ ಮೈ ತುಂಬಿಕೊಂಡು ಊರಿನ ಮಾರ್ಕೆಟ್‌ಗೆ ಹೋಗ್ತವೆ. ಇದೇನು ಸ್ವರ್ಗ ಅಲ್ಲ, ಒತ್ತುವರಿ ಇಲ್ಲೂ ಇದೆ. ಆದರೂ ದೊಡ್ಡ ಶಹರದ ಕೊಳಚೆಗೆ ಒಂದು ದಾರಿ ಉಳಿದಿದೆ.

ಇದನ್ನ ನೋಡಿ, ಸಾವಿರದ ಒಂಬೈನೂರಕ್ಕೂ ಹೆಚ್ಚು ಕಿಲೋಮೀಟರ್ ರೈಲಲ್ಲಿ ಕೂತು ವಾಪಸ್ ಬಂದವರಿಗೆ ನಮ್ಮ ಮೆಜೆಸ್ಟಿಕ್ ಬರೀ ಬಸ್‌ಸ್ಟ್ಯಾಂಡ್ ಆಗಿ ಕಾಣಲ್ಲ. ಅದು ಒಂದು ಕಾಲದ ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ? ಸಂಪಂಗಿ ಕೆರೆ. ಮಳೆ ನೀರು ಅಲ್ಲೆಲ್ಲ ಯಾಕೆ ನುಗ್ಗುತ್ತೆ ಅಂತ ಆಗ ಕೇಳಬೇಕಾಗಿಲ್ಲ.

ಇನ್ನು ಬೆಳ್ಳಂದೂರು ಕೆರೆ. ಅಲ್ಲಿಗೂ ಹೋಗಿದ್ದು ಊರಿನ ಕೊಳಚೆಯೇ. ಆದರೆ ಸೋಪಿನ ನೊರೆ ರಸ್ತೆಗೆ ಬಂತು, 2017ರ ಫೆಬ್ರುವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. ಹೂಳೆತ್ತೋ ಕೆಲಸ ಶುರುವಾಗಿದ್ದು ಅದಾದ ಮೇಲೆ.