ಕೋಳಿಗೂಡಿನ ಬಾಗಿಲೂ ಶಾಸನದ ಗಡಿಯಾರವೂ

ಗಡಿಯಾರವು ತೋರಿಸುವ ಹೊತ್ತು ಶಾಸನದಿಂದ ನಿರ್ಣಯವಾದುದೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಅನೇಕ ವೇಳೆ ಮರೆಯುವುದುಂಟು. ಇದನ್ನು ನೆನಪಿಗೆ ತರುವುದಕ್ಕೆ ಇಂಗ್ಲೆಂಡಿನ ಹಿತ್ತಲುಗಳಲ್ಲಿ ಕಾಣಬರುವ ಒಂದು ಅಲ್ಪವಸ್ತುವೇ ಸಾಕು. ಅದು ಕೋಳಿಗೂಡಿನ ಸ್ವಯಂಚಾಲಿತ ಬಾಗಿಲು. ಬೆಳಿಗ್ಗೆ ತಾನಾಗಿ ತೆರೆದು ಸಂಜೆ ತಾನಾಗಿ ಮುಚ್ಚಿಕೊಳ್ಳುವ ಈ ಬಾಗಿಲು ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕಡೆಯ ಭಾನುವಾರಗಳಲ್ಲಿ, ತನ್ನ ಒಡೆಯನನ್ನು ಪೇಚಿಗೆ ಸಿಕ್ಕಿಸುತ್ತದೆ. ಆ ಪೇಚಿನ ಮೂಲವನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮಬ್ಬುಗತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಆದುದರಿಂದ ಸೂರ್ಯಾಸ್ತವಾಗಿ ಬೆಳಕು ಕುಂದತೊಡಗಿದೊಡನೆ ಅದು ಯಾರ ಪ್ರೇರಣೆಯೂ ಇಲ್ಲದೆ ಗೂಡನ್ನು ಸೇರಿ ಅಡ್ಡಗೋಲಿನ ಮೇಲೆ ಕುಳಿತುಬಿಡುತ್ತದೆ. ಕಣ್ಣಿನಿಂದ ಮಾತ್ರವೇ ಅಲ್ಲದೆ, ತಲೆಬುರುಡೆಯ ಮೂಲಕ ಮಿದುಳಿಗೆ ಇಳಿಯುವ ಬೆಳಕಿನಿಂದಲೂ ಅದಕ್ಕೆ ಹಗಲಿನ ಅಳತೆ ದೊರೆಯುತ್ತದೆ. ಹಗಲು ಕಿರಿದಾದಾಗ ಮೊಟ್ಟೆ ಕಡಮೆಯಾಗುವುದೂ ಇದರಿಂದಲೇ. ಸಂಜೆಯ ಅದೇ ವೇಳೆಗೆ ನರಿಯೂ ಹೊರಡುತ್ತದೆ. ಬಾಗಿಲು ಮುಚ್ಚುವುದು ಕೋಳಿಗಳೆಲ್ಲ ಒಳಸೇರಿದ ಮೇಲೆ, ನರಿ ಬರುವುದಕ್ಕೆ ಮುಂಚೆ ಆಗಬೇಕು. ಈ ಎರಡರ ನಡುವಣ ಅವಕಾಶ ಬಹಳ ಕಿರಿದಾದುದು. ಸಾಲದುದಕ್ಕೆ ಅದು ದಿನದಿನಕ್ಕೂ ಸರಿಯುತ್ತಿರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರ ಮಾತ್ರ. ಲಂಡನ್ನಿನಲ್ಲಾದರೋ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಗೂ ಮೀರಿದರೆ ಡಿಸೆಂಬರಿನ ಹಗಲು ಎಂಟು ಗಂಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಒಂದೇ ಹೊತ್ತಿಗೆ ಗೊತ್ತುಮಾಡಿದ ಬಾಗಿಲು ಕೆಲವು ವಾರಗಳಲ್ಲಿಯೇ ತಪ್ಪುತ್ತದೆ.

ಈ ಸಹಜವಾದ ತೊಡಕಿನ ಮೇಲೆ ಶಾಸನವು ಇನ್ನೊಂದನ್ನು ಹೇರಿತು. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿದ ಮುದುಕಿಯ ಕಥೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಪಾರ್ಲಿಮೆಂಟಿನ ಸದಸ್ಯರು ಆ ಮುದುಕಿಯಷ್ಟು ಮುಗ್ಧರಲ್ಲ. ಸೂರ್ಯನು ತಮ್ಮ ಮಾತು ಕೇಳನೆಂದು ಬಲ್ಲವರಾಗಿ ಜನರನ್ನೇ ಒಂದು ಗಂಟೆ ಮುಂಚೆ ಎಬ್ಬಿಸುವ ಉಪಾಯವನ್ನು ಹೂಡಿದರು. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸಬೇಕೆಂಬ ಸಲಹೆಯನ್ನು 1895ರಲ್ಲಿ ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ ಮುಂದಿಟ್ಟನು. ಆತನು ಕೀಟಗಳ ಸಂಗ್ರಾಹಕ. ಕೆಲಸ ಮುಗಿದ ಮೇಲೆ ಹಗಲು ಇನ್ನಷ್ಟು ಉಳಿಯಬೇಕೆಂಬುದು ಆತನ ಆಸೆ. ಇಂಗ್ಲೆಂಡಿನ ಕಟ್ಟಡಗಳ ಗುತ್ತಿಗೆದಾರ ವಿಲಿಯಂ ವಿಲೆಟ್ 1907ರಲ್ಲಿ ಇದೇ ಅರ್ಥದ ಕಿರುಹೊತ್ತಗೆಯನ್ನು ಪ್ರಕಟಿಸಿದನು. ಮರುವರ್ಷ ಮಸೂದೆಯೂ ಬಂದಿತು, ಅಂಗೀಕಾರವಾಗಲಿಲ್ಲ. ಮುಂದೆ ಮಹಾಯುದ್ಧದಲ್ಲಿ ಕಲ್ಲಿದ್ದಲಿನ ಉಳಿತಾಯಕ್ಕಾಗಿ ಜರ್ಮನಿಯು 1916ರ ಏಪ್ರಿಲ್ 30ರಂದು ಇದನ್ನು ಜಾರಿಗೆ ತರಲು, ಮೂರು ವಾರಗಳಲ್ಲಿ ಬ್ರಿಟನ್ನೂ ಅನುಸರಿಸಿತು. ಅದನ್ನು ಕಾಣಲು ವಿಲೆಟ್ ಉಳಿದಿರಲಿಲ್ಲ, 1915ರಲ್ಲಿಯೇ ತೀರಿಕೊಂಡಿದ್ದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ನಮ್ಮ ದೇಶದ ಗಡಿಯಾರಗಳೂ ಒಂದು ಗಂಟೆ ಮುಂದೆ ನಡೆದುವು.

ಈ ಪದ್ಧತಿಯು ರೈತರ ಅನುಕೂಲಕ್ಕಾಗಿ ಹುಟ್ಟಿತೆಂದು ಹೇಳುವವರಿದ್ದಾರೆ. ಚರಿತ್ರೆ ನುಡಿಯುವ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. ಅಮೆರಿಕದಲ್ಲಿ 1918ರಲ್ಲಿ ಬಂದ ಈ ಕಟ್ಟಳೆಯನ್ನು ಅಲ್ಲಿಯ ರೈತರೇ ಮುಂದಾಗಿ ವಿರೋಧಿಸಿದರು. ಅಧ್ಯಕ್ಷ ವಿಲ್ಸನ್ ತಡೆದರೂ ಕಾಂಗ್ರೆಸ್ ಸಭೆಯು 1919ರಲ್ಲಿ ಅದನ್ನು ರದ್ದುಮಾಡಿತು. ಇಬ್ಬನಿ ಆರುವವರೆಗೆ ಹುಲ್ಲನ್ನು ಕೂಡಿಡುವಂತಿಲ್ಲ. ಕೂಲಿಯವರಾದರೋ ಗಡಿಯಾರ ನೋಡಿಕೊಂಡು ಹೊರಟುಬಿಡುತ್ತಿದ್ದರು. ಪಟ್ಟಣಿಗನಿಗೆ ದೊರೆತ ಸಂಜೆಯ ಬೆಳಕಿಗೆ ಬೆಲೆ ತೆತ್ತವನು ರೈತನೆಂದು ನನ್ನ ಅಭಿಪ್ರಾಯ.

ಈಗ ಬಾಗಿಲಿಗೆ ಬರೋಣ. ಲಂಡನ್ನಿನಲ್ಲಿ ಅಕ್ಟೋಬರ್ ಕಡೆಯ ಶನಿವಾರ ಸೂರ್ಯನು ಸುಮಾರು 5-45ಕ್ಕೆ ಮುಳುಗುತ್ತಾನೆ. ಬಾಗಿಲು 6-15ಕ್ಕೆ ಮುಚ್ಚುವಂತಿದೆ ಎನ್ನೋಣ. ಆ ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಭಾನುವಾರದ ಸೂರ್ಯಾಸ್ತ ಸುಮಾರು 4-45ಕ್ಕೆ ಬೀಳುತ್ತದೆ. ಒಡೆಯನು ಮನೆಯ ಗಡಿಯಾರದಂತೆ ಬಾಗಿಲಿನ ಗಡಿಯಾರವನ್ನೂ ತಿದ್ದಿ ಮುಚ್ಚುವ ವೇಳೆಯನ್ನು ಹಾಗೆಯೇ ಬಿಟ್ಟರೆ, ಕತ್ತಲಾದ ಮೇಲೂ ಬಹಳ ಹೊತ್ತು ಗೂಡು ತೆರೆದಿರುತ್ತದೆ. ಮಾರ್ಚ್ ತಿಂಗಳಲ್ಲಿ ಕೇಡು ಇದಕ್ಕೆ ವ್ಯತಿರಿಕ್ತವಾದುದು. ಸೂರ್ಯಾಸ್ತ 6-30ರಿಂದ 7-30ಕ್ಕೆ ಹಾರುತ್ತದೆ; 7 ಗಂಟೆಗೆಂದು ಗೊತ್ತುಮಾಡಿದ ಬಾಗಿಲು ಕೋಳಿಗಳಿನ್ನೂ ಬಿಸಿಲಿನಲ್ಲಿ ಮೇಯುತ್ತಿರುವಾಗಲೇ ಮುಚ್ಚಿಕೊಂಡು ಬೆಳಗಿನವರೆಗೆ ತೆರೆಯದು. ಹೊರಗುಳಿದ ಕೋಳಿಗಳು ಮುಚ್ಚಿದ ಬಾಗಿಲಿನ ಮುಂದೆಯೇ ಗುಂಪಾಗಿ ಕುಳಿತು ನರಿಯ ಪಾಲಾಗುವ ಸಂಭವ ಉಂಟು. ಮೊಬೈಲ್ ಫೋನಿನೊಡನೆ ಹೊಂದಿಕೊಂಡು ತಾನಾಗಿ ಹೊತ್ತನ್ನು ತಿದ್ದಿಕೊಳ್ಳುವ ಬಾಗಿಲುಗಳಲ್ಲಿಯೂ, ಮುಚ್ಚುವ ವೇಳೆಯನ್ನು ಅಂಕೆಯಲ್ಲಿಯೇ ಕೊಟ್ಟಿದ್ದರೆ, ಈ ಅಪಾಯ ತಪ್ಪಿದುದಲ್ಲ.

ಇಲ್ಲಿ ಗಮನಿಸತಕ್ಕ ವಿಚಿತ್ರವೊಂದುಂಟು. ಗಡಿಯಾರವನ್ನು ತಿದ್ದಲು ಮರೆತ ಸೋಮಾರಿಯ ಕೋಳಿಗಳಿಗೆ ಆ ದಿನ ಯಾವ ಬಾಧೆಯೂ ಇಲ್ಲ; ಅವನ ಬಾಗಿಲು ನಿನ್ನೆಯ ಸೂರ್ಯನನ್ನೇ ಅನುಸರಿಸುತ್ತಿರುತ್ತದೆ. ಶಾಸನವನ್ನು ಅರ್ಧ ಪಾಲಿಸಿದವನಿಗೆ ನಷ್ಟ. ಆದುದರಿಂದ ಬಾಗಿಲಿನ ಗಡಿಯಾರವನ್ನು ವರ್ಷವಿಡೀ ಗ್ರೀನ್‌ವಿಚ್ ಕಾಲದಲ್ಲಿಯೇ ಬಿಟ್ಟು, ಋತುವನ್ನು ನೋಡಿ ಮುಚ್ಚುವ ವೇಳೆಯನ್ನು ಮಾತ್ರ ಸರಿಸುತ್ತಿರುವುದು ಸುಲಭವಾದ ಮಾರ್ಗ. ಬೆಳಕನ್ನೇ ಗ್ರಹಿಸಿ ನಡೆಯುವ ಬಾಗಿಲುಗಳೂ ಇವೆ. ಅವುಗಳಿಗೆ ಶಾಸನದ ಗೊಡವೆಯಿಲ್ಲ. ಆದರೆ ದಟ್ಟವಾದ ಮೋಡ ಕವಿದರೆ ಬೇಗ ಮುಚ್ಚುವುದೂ, ಬೀದಿಯ ದೀಪ ಬಿದ್ದರೆ ಮುಚ್ಚದಿರುವುದೂ ಅವುಗಳ ದೋಷ. ಸ್ಥಳದ ಅಕ್ಷಾಂಶ, ರೇಖಾಂಶ ಮತ್ತು ದಿನಾಂಕಗಳಿಂದ ಸೂರ್ಯಾಸ್ತವನ್ನು ಲೆಕ್ಕಹಾಕುವ ಮೂರನೆಯ ಬಗೆಯು ನಮ್ಮ ಪಂಚಾಂಗಕರ್ತರ ರೀತಿಗೆ ಹತ್ತಿರವಾದುದು. ನನ್ನ ದೃಷ್ಟಿಯಲ್ಲಿ ಅದೇ ಮೇಲು.

ಯೂರೋಪಿನ ಪಾರ್ಲಿಮೆಂಟು ಈ ಋತುಪಲ್ಲಟವನ್ನು ನಿಲ್ಲಿಸಬೇಕೆಂದು 2019ರಲ್ಲಿ ಮತ ನೀಡಿತಾದರೂ, 2021ಕ್ಕೆಂದು ಎಣಿಸಿದ್ದ ಆ ಬದಲಾವಣೆ ಸದಸ್ಯರಾಷ್ಟ್ರಗಳು ಒಮ್ಮತಕ್ಕೆ ಬಾರದುದರಿಂದ ನಡೆಯಲಿಲ್ಲ. ಬ್ರಿಟನ್ ಅಂತೂ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡಿತು. ಯಾವ ಬಗೆಯ ಬಾಗಿಲಿದ್ದರೂ ಆ ಎರಡು ಭಾನುವಾರಗಳ ಸಂಜೆ ದೀಪ ಹಿಡಿದು ಹೋಗಿ, ಅಡ್ಡಗೋಲಿನ ಮೇಲೆ ಕುಳಿತ ಕೋಳಿಗಳನ್ನು ಎಣಿಸಿ ಬರುವುದು ಲೇಸು.