ಮಿಲಿಟರಿ ಡಿಸ್ಪೋಸಲ್ ಜಾಕೆಟ್ಟುಗಳ ಖರೀದಿ: ಬಿಡ್ ಮಾಡುವ ಮುನ್ನ ನೋಡಬೇಕಾದ ಲೆಕ್ಕ

ಮಾರ್ಗಶಿರ ಮಾಸ ಕಾಲಿಟ್ಟಿತೆಂದರೆ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಬಟ್ಟೆ ಅಂಗಡಿಗಳಲ್ಲಿ ಬೇಡಿಕೆಯ ಸ್ವರೂಪವೇ ಬದಲಾಗುತ್ತದೆ. ಚಂದಕವಾಡಿ ಹೋಬಳಿಯ ಹಳ್ಳಿಗಳಿಂದ ನಸುಕಿನಲ್ಲಿ ಮೋಟಾರ್ ಸೈಕಲ್ ಏರಿ ಪೇಟೆಗೆ ಹೊರಡುವ ರೈತ, ತೆರಕಣಾಂಬಿಯ ಮಾರುಕಟ್ಟೆಗೆ ತರಕಾರಿ ತರುವ ಟೆಂಪೊ ಚಾಲಕ, ಬಂಡೀಪುರದ ಕಾಡು ಕಾಯುವ ಅರಣ್ಯ ವಾಚರ್, ಗೋಪಾಲಸ್ವಾಮಿ ಬೆಟ್ಟಕ್ಕೂ ಊಟಿಗೂ ಹೊರಟ ಪ್ರವಾಸಿ, ಇವರೆಲ್ಲರೂ ಕೇಳುವುದು ಒಂದೇ: ಗಾಳಿಯನ್ನು ತಡೆಯುವ, ನಾಲ್ಕು ವರ್ಷ ಬಾಳುವ, ಕೈಗೆಟಕುವ ಬೆಲೆಯ ಮೇಲಂಗಿ. ಚಳಿಗಾಲದ ಉಡುಪಿನ ವ್ಯಾಪಾರದಲ್ಲಿ ಟಿಬೆಟನ್ ವ್ಯಾಪಾರಿಗಳ ಪಾತ್ರ ದೊಡ್ಡದು. ಇದೇ ಜಿಲ್ಲೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಅವರ ವಸತಿಯಿದೆ. ಆದರೆ ಲೂಧಿಯಾನದ ಉಣ್ಣೆ ಸ್ವೆಟರ್ ಬೆಚ್ಚಗಿಡುತ್ತದೆಯೇ ಹೊರತು ಬೈಕ್ ಸವಾರನ ಎದೆಗೆ ಬಡಿಯುವ ಗಾಳಿಯನ್ನು ತಡೆಯುವುದಿಲ್ಲ. ಆ ಕೊರತೆಯನ್ನು ತುಂಬುವುದು ವಿಮಾನ ಚಾಲಕರಿಗೆಂದು ಹುಟ್ಟಿದ ಫ್ಲೈಟ್ ಜಾಕೆಟ್.

ಈ ಜಾಕೆಟ್ಟುಗಳನ್ನು 'ಮಿಲಿಟರಿ ಡಿಸ್ಪೋಸಲ್' ಎಂಬ ಹೆಸರಿನಲ್ಲಿ ಗಂಟುಗಟ್ಟಲೆ ಖರೀದಿಸುವ ಆಲೋಚನೆ ಹಲವು ವರ್ತಕರಲ್ಲಿದೆ. ಆಲೋಚನೆ ತಪ್ಪಲ್ಲ. ಆದರೆ ಆ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸರಕುಗಳು ಅಡಗಿವೆ: ಸೇನೆ ಬಳಸಿ ವಿಲೇವಾರಿ ಮಾಡಿದ್ದು, ಬಳಕೆಗೆ ಕೊಡದೆ ದಾಸ್ತಾನಿನಲ್ಲೇ ಉಳಿದದ್ದು, ಸೇನೆಯ ಮುಖವನ್ನೇ ಕಾಣದೆ ಖಾಸಗಿ ಕಾರ್ಖಾನೆಯಲ್ಲಿ ಆ ಮಾದರಿಯಲ್ಲಿ ಹೊಲಿದದ್ದು. ಯಾವುದು ಕೈಗೆ ಬರುತ್ತಿದೆಯೆಂಬುದರ ಮೇಲೆ ತೆರಿಗೆ, ಕಾನೂನು, ಲಾಭ ಮೂರೂ ನಿಲ್ಲುತ್ತವೆ.

ಜಾಕೆಟ್ಟಿನ ಗುರುತು

ಅಮೆರಿಕದ ಸೇನಾ ವಾಯುದಳ 1931ರಲ್ಲಿ ಅಂಗೀಕರಿಸಿದ ಎ-2 ಚರ್ಮದ ಜಾಕೆಟ್, 1934ರ ಬಿ-3 ಎಂಬ ಕುರಿಚರ್ಮದ ಜಾಕೆಟ್ ಈ ವರ್ಗದ ಹಿರಿಯರು. ಇಂದು ಪೇಟೆಯಲ್ಲಿ ಹೆಚ್ಚಾಗಿ ಕಾಣುವುದು 1950ರ ದಶಕದಲ್ಲಿ ಬಂದ ಎಂಎ-1 ಮಾದರಿ: ನೈಲಾನ್ ಹೊರಬಟ್ಟೆ, ಕತ್ತು, ಮಣಿಕಟ್ಟು, ಸೊಂಟಗಳಲ್ಲಿ ಹೆಣೆದ ಪಟ್ಟಿ, ಎಡತೋಳಿನ ಮೇಲೆ ಪೆನ್ನಿಡುವ ಕಿಸೆ. ಅದರ ಕಿತ್ತಳೆ ಬಣ್ಣದ ಒಳಪದರ ಅಲಂಕಾರಕ್ಕಲ್ಲ. ವಿಮಾನ ಬಿದ್ದಾಗ ಚಾಲಕ ಜಾಕೆಟ್ಟನ್ನು ತಿರುಗಿಸಿ ತೊಟ್ಟರೆ ಹುಡುಕುವವರ ಕಣ್ಣಿಗೆ ದೂರದಿಂದಲೇ ಬೀಳಲೆಂದು ಮಾಡಿದ್ದು.

ಬೆಂಗಳೂರಿಗೂ ಈ ವಾಯುಪಡೆಗೂ ಹಳೆಯ ನಂಟಿದೆ. 1943ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ವಹಿಸಿಕೊಂಡು, ವಿಮಾನ ದುರಸ್ತಿಯ 84ನೇ ಏರ್ ಡಿಪೋ ಆಗಿ ನಡೆಸಿತ್ತು. ಈ ಇತಿಹಾಸವನ್ನು ಮುಂದಿಟ್ಟುಕೊಂಡು 'ಯುದ್ಧಕಾಲದ ಅಸಲು ಜಾಕೆಟ್' ಎಂದು ಯಾರಾದರೂ ಹೆಚ್ಚಿನ ಬೆಲೆ ಕೇಳಿದರೆ ಚೀಟಿಯನ್ನು ನೋಡುವುದು ಒಳಿತು. ಸೇನೆಗಾಗಿ ಹೊಲಿದ ಜಾಕೆಟ್ಟಿನ ಒಳಚೀಟಿಯಲ್ಲಿ ಮಾದರಿಯ ಹೆಸರು, ಗುತ್ತಿಗೆ ಸಂಖ್ಯೆ, ತಯಾರಕರ ಹೆಸರು ಇರುತ್ತವೆ. ಬರಿಯ ಬ್ರ್ಯಾಂಡ್ ಹೆಸರು, ತೊಳೆಯುವ ಸೂಚನೆಗಳ ಚಿತ್ರಗಳು ಇದ್ದರೆ ಅದು ನಾಗರಿಕ ಪೇಟೆಯ ಸರಕು. ಬಾಳಿಕೆಯಲ್ಲಿ ಅದೇನೂ ಕೀಳಲ್ಲ. ಅದಕ್ಕೆ ಡಿಸ್ಪೋಸಲ್ ಬೆಲೆಯ ಕಥೆ ಕಟ್ಟಬಾರದು, ಅಷ್ಟೆ.

ಸರಕು ಎಲ್ಲಿಂದ ಬರುತ್ತದೆ

ಹಿಂದೆ ಸರ್ಕಾರದ ಹೆಚ್ಚುವರಿ ಸರಕಿನ ವಿಲೇವಾರಿಯಲ್ಲಿ ಪಾತ್ರವಿದ್ದ ಪೂರೈಕೆ ಮತ್ತು ವಿಲೇವಾರಿ ಮಹಾನಿರ್ದೇಶನಾಲಯ 2017ರ ಅಕ್ಟೋಬರ್ 31ರಂದು ಮುಚ್ಚಿತು. ಈಗ ಇಂಥ ಸರಕು ಮುಖ್ಯವಾಗಿ ಉಕ್ಕು ಸಚಿವಾಲಯದಡಿಯ ಎಂಎಸ್‌ಟಿಸಿ ಸಂಸ್ಥೆಯ ವಿದ್ಯುನ್ಮಾನ ಹರಾಜಿನಲ್ಲಿ ಬರುತ್ತದೆ. ಸರ್ಕಾರಿ ಇ-ಮಾರುಕಟ್ಟೆಯಾದ ಜೆಮ್‌ನಲ್ಲೂ ಹರಾಜಿನ ವ್ಯವಸ್ಥೆಯಿದೆ. ಖರೀದಿದಾರ ಮೊದಲು ನೋಂದಾಯಿಸಿಕೊಂಡು, ಮುಂಗಡ ಠೇವಣಿ ಕಟ್ಟಿ ಬಿಡ್ ಮಾಡಬೇಕು. ಮಾರಾಟ 'ಇದ್ದಲ್ಲಿ ಇದ್ದಂತೆ' ಎಂಬ ಷರತ್ತಿನದು. ಗಂಟು ಬಿಚ್ಚಿದ ಮೇಲೆ ಅರ್ಧ ಹರಕಲೆಂದು ದೂರುವ ಹಕ್ಕು ಕೊಳ್ಳುವವನಿಗಿಲ್ಲ. ನಿಗದಿತ ದಿನಗಳೊಳಗೆ ಸರಕು ಎತ್ತದಿದ್ದರೆ ನೆಲಬಾಡಿಗೆ ಬೀಳುತ್ತದೆ. ಹಣ ಕಟ್ಟಲು ತಪ್ಪಿದರೆ ಠೇವಣಿಯೇ ಹೋಗುತ್ತದೆ. ಆದ್ದರಿಂದ ಸರಕು ನೋಡಲು ಕೊಟ್ಟ ದಿನ ಡಿಪೋಗೆ ಹೋಗದೆ, ಪರದೆಯ ಮೇಲಿನ ಛಾಯಾಚಿತ್ರ ನಂಬಿ ಬಿಡ್ ಮಾಡುವುದು ಜೂಜು. ಹೋದಾಗ ನೋಡಬೇಕಾದದ್ದು ಜಿಪ್ಪು, ಹೆಣೆದ ಪಟ್ಟಿಯ ಬಿಗಿ, ಒಳಪದರದ ಬೂಷ್ಟು, ಚರ್ಮವಾದರೆ ಮಡಿಕೆಯಲ್ಲಿ ಬಿರುಕು.

ಸೇನೆಯ ಉಡುಪು ಹೊಲಿಯುವ ಶಾಹಜಹಾನ್‌ಪುರ, ಆವಡಿ ಮುಂತಾದ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಸರ್ಕಾರಿ ಇಲಾಖೆಯ ಭಾಗವಾಗಿ ಉಳಿದಿಲ್ಲ. ಅವು ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಟ್ರೂಪ್ ಕಂಫರ್ಟ್ಸ್ ಲಿಮಿಟೆಡ್ ಕಂಪನಿಗೆ ಸೇರಿವೆ. ಮಾರುವವರು ಇಲಾಖೆಯೋ ಕಂಪನಿಯೋ ಎಂಬ ಈ ಒಂದು ವ್ಯತ್ಯಾಸದಿಂದ ತೆರಿಗೆ ಕಟ್ಟುವ ಕೈ ಬದಲಾಗುತ್ತದೆ.

ವಿದೇಶದಿಂದ ತರಿಸುವ ವಿಚಾರ ಇದ್ದರೆ ಒಂದೇ ಮಾತು ಸಾಕು: ಬಳಸಿದ ಉಡುಪು 6309ನೇ ಶೀರ್ಷಿಕೆಯಡಿ ನಿರ್ಬಂಧಿತ ಆಮದು. ವಿದೇಶಿ ವ್ಯಾಪಾರ ಮಹಾನಿರ್ದೇಶಕರ ಪರವಾನಗಿಯಿಲ್ಲದೆ ಬಂದ ಗಂಟು ಬಂದರಿನಲ್ಲೇ ಕೂರುತ್ತದೆ.

ತೆರಿಗೆ ಯಾರ ತಲೆಗೆ

ಬಹುಪಾಲು ವರ್ತಕರು ಎಡವುವುದು ಇಲ್ಲಿ. ಕೇಂದ್ರ ಅಥವಾ ರಾಜ್ಯ ಸರ್ಕಾರ ತನ್ನ ಹಳೆಯ, ಬಳಸಿದ ಸರಕನ್ನು ನೋಂದಾಯಿತ ವರ್ತಕನಿಗೆ ಮಾರಿದರೆ, 2017ರ ಅಕ್ಟೋಬರ್ 13ರ ಅಧಿಸೂಚನೆಯ ಪ್ರಕಾರ ಸರಕು ಮತ್ತು ಸೇವಾ ತೆರಿಗೆ ಕಟ್ಟಬೇಕಾದವನು ಮಾರುವವನಲ್ಲ, ಕೊಳ್ಳುವವನು. ಇದೇ ರಿವರ್ಸ್ ಚಾರ್ಜ್. ಈ ತೆರಿಗೆಯನ್ನು ಹಿಂದಿನ ಜಮೆಯಿಂದ ಹೊಂದಿಸುವಂತಿಲ್ಲ, ನಗದಾಗಿಯೇ ಕಟ್ಟಬೇಕು. ಡಿಪೋದ ಬಿಲ್ಲಿನಲ್ಲಿ ತೆರಿಗೆ ಕಾಣಲಿಲ್ಲವೆಂದು ಸಂತೋಷಪಟ್ಟು ಸುಮ್ಮನಿದ್ದವನಿಗೆ ಮುಂದೆ ನೋಟೀಸು ಬರುವಾಗ ಬಡ್ಡಿಯೂ ಜೊತೆಗಿರುತ್ತದೆ. ಮಾರುವುದು ಕಂಪನಿಯಾದರೆ ಈ ತೊಡಕಿಲ್ಲ. ಅದು ಎಂದಿನಂತೆ ತೆರಿಗೆ ಸೇರಿಸಿ ಬಿಲ್ಲು ಕೊಡುತ್ತದೆ. ಇಲಾಖೆಯೇ ಮಾರಿದರೂ ಬಳಸದ ಹೊಸ ದಾಸ್ತಾನು 'ಹಳೆಯ, ಬಳಸಿದ ಸರಕು' ಎನಿಸುವುದಿಲ್ಲವೆಂಬುದನ್ನೂ ಗಮನಿಸಬೇಕು.

ದರದ ಮಾತು. 2025ರ ಸೆಪ್ಟೆಂಬರ್ 22ರಿಂದ ಬಟ್ಟೆಯ ಉಡುಪು, ಬಳಸಿದ್ದಾಗಲಿ ಹೊಸದಾಗಲಿ, ಒಂದರ ಮಾರಾಟ ಬೆಲೆ ರೂ. 2,500 ಮೀರದಿದ್ದರೆ ಶೇ. 5, ಮೀರಿದರೆ ಶೇ. 18. ಅದಕ್ಕೆ ಮುಂಚೆ ಈ ಗಡಿ ರೂ. 1,000 ಆಗಿತ್ತು. ಚರ್ಮದ ಜಾಕೆಟ್ ಬೇರೆ ಶೀರ್ಷಿಕೆಯಡಿ ಬರುವುದರಿಂದ ಅದಕ್ಕೆ ಈ ಶೇ. 5ರ ರಿಯಾಯಿತಿ ಅನ್ವಯಿಸದು.

ಒಂದು ಕಲ್ಪಿತ ಲೆಕ್ಕ ನೋಡಬಹುದು. ಡಿಪೋದಲ್ಲಿ 200 ಬಳಸಿದ ನೈಲಾನ್ ಜಾಕೆಟ್ಟುಗಳ ಲಾಟು ರೂ. 60,000ಕ್ಕೆ ಸಿಕ್ಕಿತೆನ್ನೋಣ, ಒಂದಕ್ಕೆ ರೂ. 300. ಬಿಚ್ಚಿ ನೋಡಿದರೆ 50 ಮಾರಲು ಯೋಗ್ಯವಲ್ಲ. ಸಾಗಣೆಗೆ ರೂ. 6,000, ಉಳಿದ 150ರ ತೊಳೆತ ಮತ್ತು ಜಿಪ್ಪಿನ ದುರಸ್ತಿಗೆ ತಲಾ ರೂ. 40ರಂತೆ ರೂ. 6,000. ಒಟ್ಟು ರೂ. 72,000, ಮಾರಬಲ್ಲ ಒಂದೊಂದರ ಅಸಲು ರೂ. 480. ಬಿಡ್ ಮಾಡುವಾಗ ಮನಸ್ಸಿನಲ್ಲಿದ್ದ ರೂ. 300ಕ್ಕೂ ಇದಕ್ಕೂ ಎಷ್ಟು ಅಂತರ!

ತೆರಿಗೆ ಬಿಟ್ಟು ರೂ. 700ರಂತೆ ಮಾರಿದರೆ ಬರುವುದು ರೂ. 1,05,000. ಸಾಮಾನ್ಯ ಪದ್ಧತಿಯ ವರ್ತಕ ರಿವರ್ಸ್ ಚಾರ್ಜಿನಲ್ಲಿ ರೂ. 3,000 ಕಟ್ಟಿ ಅದನ್ನೇ ಹೂಡುವಳಿ ತೆರಿಗೆ ಜಮೆಯಾಗಿ ಪಡೆದು, ಮಾರಾಟದ ಮೇಲಿನ ರೂ. 5,250ರಲ್ಲಿ ಕಳೆದು ರೂ. 2,250 ಕಟ್ಟುತ್ತಾನೆ. ಸರ್ಕಾರಕ್ಕೆ ಸಂದದ್ದು ಒಟ್ಟು ರೂ. 5,250, ಅಷ್ಟೂ ಗ್ರಾಹಕನಿಂದ ಬಂದದ್ದೇ.

ಬಳಸಿದ ಸರಕಿನ ವರ್ತಕರಿಗೆ ಲಾಭಾಂಶದ ಮೇಲಷ್ಟೇ ತೆರಿಗೆ ಕಟ್ಟುವ ಅವಕಾಶ 32(5)ನೇ ನಿಯಮದಲ್ಲಿದೆ. ಖರೀದಿಯ ಮೇಲೆ ಜಮೆ ಪಡೆದಿರಬಾರದೆಂಬುದು ಷರತ್ತು. ಕೇಳಲು ಆಕರ್ಷಕ, ಆದರೆ ಮೇಲಿನ ಲಾಟಿಗೆ ಅನ್ವಯಿಸಿದರೆ ರಿವರ್ಸ್ ಚಾರ್ಜಿನ ರೂ. 3,000 ಹಿಂದೆ ಬರುವುದಿಲ್ಲ, ಒಂದೊಂದರ ರೂ. 400 ಅಂತರದ ಮೇಲೆ 150ಕ್ಕೆ ಮತ್ತೆ ರೂ. 3,000. ಒಟ್ಟು ರೂ. 6,000. ಹೆಚ್ಚಾದ ರೂ. 750 ಆ ಹಾಳಾದ 50ರ ತೆರಿಗೆ. ಸಾಮಾನ್ಯ ಪದ್ಧತಿಯಲ್ಲೂ ಆ 50ನ್ನು ಹೊರಗೆಸೆದರೆ ಅಷ್ಟೇ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ. ಆದ್ದರಿಂದ ಎಸೆಯದೆ, ಸಿಕ್ಕ ಬೆಲೆಗೆ ಚಿಂದಿ ಖರೀದಿಸುವವರಿಗೆ ಬಿಲ್ಲು ಮಾಡಿ ಕೊಡುವುದು ಲೇಸು.

32(5)ನೇ ನಿಯಮ ನಿಜವಾಗಿ ನೆರವಾಗುವುದು ನೋಂದಣಿಯಿಲ್ಲದ ವ್ಯಕ್ತಿಯಿಂದ ಕೊಂಡಾಗ. ನಿವೃತ್ತರೊಬ್ಬರು ಸ್ವಂತ ಹಣದಲ್ಲಿ ಕೊಂಡಿದ್ದ ಜಾಕೆಟ್ಟನ್ನು ರೂ. 800ಕ್ಕೆ ಕೊಟ್ಟು, ವರ್ತಕ ಅದನ್ನು ರೂ. 1,200ಕ್ಕೆ ಮಾರಿದರೆ ತೆರಿಗೆ ರೂ. 60 ಅಲ್ಲ, ರೂ. 20. ಖರೀದಿ ಚೀಟಿಯಲ್ಲಿ ಮಾರಿದವರ ಹೆಸರು, ವಿಳಾಸ, ಸಹಿ ಇರಲೇಬೇಕು. ಅದು ಸ್ವಂತದ್ದೇ ಎಂದು ಖಚಿತಪಡಿಸಿಕೊಳ್ಳುವುದೂ ಅಗತ್ಯ. ಸೇವೆಯಲ್ಲಿರುವ ಸೈನಿಕ ಸರ್ಕಾರ ಕೊಟ್ಟ ಉಡುಪನ್ನು ಮಾರುವುದು 1950ರ ಸೇನಾ ಕಾಯಿದೆಯ 54ನೇ ಕಲಮಿನಡಿ ಅಪರಾಧ, ಕೊಂಡವನೂ ಪೊಲೀಸರ ಪ್ರಶ್ನೆಗೆ ಉತ್ತರಿಸಬೇಕಾದೀತು.

ರಾಜಿ ತೆರಿಗೆ ಪದ್ಧತಿಯಲ್ಲಿರುವ ಸಣ್ಣ ವರ್ತಕನಿಗೆ ರಿವರ್ಸ್ ಚಾರ್ಜಿನಿಂದ ವಿನಾಯಿತಿಯಿಲ್ಲ, ಜಮೆಯೂ ಇಲ್ಲ. ಆ ರೂ. 3,000 ಅಸಲಿಗೆ ಸೇರಿ ಜಾಕೆಟ್ಟಿಗೆ ರೂ. 500 ಆಗುತ್ತದೆ, ಮಾರಾಟದ ಮೇಲಿನ ಶೇ. 1ನ್ನೂ ಗ್ರಾಹಕನಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಗಡಿ ಜಿಲ್ಲೆಗೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಈ ಪದ್ಧತಿಯವರು ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಗುಂಡ್ಲುಪೇಟೆಯಿಂದ ಒಂದು ದಿಕ್ಕಿಗೆ ಊಟಿ, ಇನ್ನೊಂದು ದಿಕ್ಕಿಗೆ ವಯನಾಡು. ಚಳಿಯ ಜಾಕೆಟ್ಟಿಗೆ ಸಹಜ ಪೇಟೆಗಳು. ಅಂಗಡಿಗೆ ಬಂದ ಪ್ರವಾಸಿ ವಿಳಾಸ ಬರೆಸದೆ ಕೊಂಡು ತೊಟ್ಟು ಹೋದರೆ ಅದು ಸ್ಥಳೀಯ ಮಾರಾಟ. ಊಟಿಯ ಅಂಗಡಿಗೆ ಒಂದು ಗಂಟು ಕಳುಹಿಸಿದರೆ ಅಂತರರಾಜ್ಯ ಮಾರಾಟ. ಡಿಪೋದಿಂದ ತರುವಾಗಲೂ ಸರಕಿನ ಮೌಲ್ಯ ರೂ. 50,000 ದಾಟಿದ್ದರೆ ಇ-ವೇ ಬಿಲ್ ಬೇಕು. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿರುವುದರಿಂದ, ಊಟಿಗೆ ಹೊರಟ ಲಾರಿ ಗೇಟಿನಲ್ಲಿ ರಾತ್ರಿ ಕಳೆದರೆ ಬಿಲ್ಲಿನ ಅವಧಿ ಮೀರದಂತೆ ನೋಡಿಕೊಳ್ಳಬೇಕು.

ಯಾರಿಗೆ ಮಾರಬಾರದು

ಬಿಲ್ಲೆ, ದರ್ಜೆಯ ಪಟ್ಟಿಗಳಿಲ್ಲದ ಸಾದಾ ಹಸಿರು ಜಾಕೆಟ್ ಮಾರಲು ಅಡ್ಡಿಯಿಲ್ಲ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಅಂಥ ಉಡುಪು ತೊಡುವುದು ಮಾತ್ರ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಮೂರು ತಿಂಗಳ ಸೆರೆವಾಸ, ಅಥವಾ ರೂ. 2,000ವರೆಗಿನ ದಂಡ, ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ. 2016ರ ಜನವರಿಯ ಪಠಾಣ್‌ಕೋಟ್ ದಾಳಿಯ ನಂತರ ಸೇನೆಯೇ, ತನ್ನ ಮಾದರಿಯ ಉಡುಪು ಮಾರಬೇಡಿರೆಂದು ಅಂಗಡಿಗಳನ್ನು ಕೋರಿತ್ತು. ಕಲ್ಲುಗಣಿ, ಕಾರ್ಖಾನೆಗಳ ಕಾವಲಿಗೆ ಐವತ್ತು ಜಾಕೆಟ್ ಬೇಕೆಂದು ಭದ್ರತಾ ಸಂಸ್ಥೆಯವರು ಬಂದರೆ ಇನ್ನೂ ಎಚ್ಚರ ಬೇಕು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯಿದೆಯ 21ನೇ ಕಲಮು ಸೇನೆಯ ಅಥವಾ ಪೊಲೀಸರ ಸಮವಸ್ತ್ರವನ್ನು ಹೋಲುವ ಉಡುಪನ್ನೇ ನಿಷೇಧಿಸಿದ್ದು, ಕಾವಲುಗಾರನಿಗೂ ಸಂಸ್ಥೆಯ ಮಾಲೀಕನಿಗೂ ಒಂದು ವರ್ಷದವರೆಗಿನ ಸೆರೆವಾಸವನ್ನು ವಿಧಿಸಬಹುದು. ಅಂಥವರಿಗೆ ನೀಲಿ ಅಥವಾ ಕಪ್ಪು ಬಣ್ಣದ ಹೊಸ ಜಾಕೆಟ್ ಹೊಲಿಸಿಕೊಡುವುದೇ ಸರಿ.

ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿರುವ ಈ ಜಿಲ್ಲೆಯಲ್ಲಿ ಸಣ್ಣ ಉಡುಪು ತಯಾರಕರಿಗೆ ಇದು ಕೆಲಸದ ಅವಕಾಶವೂ ಹೌದು. ಎಂಎ-1 ಆಕಾರ ಇಂದು ಜಗತ್ತಿನೆಲ್ಲೆಡೆ ಹೊಲಿಯುವಂಥದ್ದು. ಆದರೆ 2022ರ ಸೇನಾ ದಿನದಂದು ಭೂಸೇನೆ ಪ್ರದರ್ಶಿಸಿದ ಹೊಸ ಸಮವಸ್ತ್ರದ ವಿನ್ಯಾಸ ನೋಂದಣಿಯಾಗಿದೆ. ಅದನ್ನು ನಕಲು ಮಾಡಿದ ಬಟ್ಟೆ ಎಷ್ಟೇ ಅಗ್ಗವಾಗಿ ಸಿಕ್ಕರೂ ಕತ್ತರಿ ಹಾಕಬಾರದು.

ಕಡೆಯದಾಗಿ ಕಾಲದ ಲೆಕ್ಕ. ಹರಾಜಿನ ದಿನ ಚಳಿಯನ್ನು ಕಾಯುವುದಿಲ್ಲ. ಜನವರಿ ಕೊನೆಗೆ ಎತ್ತಿದ ಲಾಟು ಬಹುಪಾಲು ಮುಂದಿನ ಕಾರ್ತಿಕದವರೆಗೆ ಗೋದಾಮಿನಲ್ಲಿರುತ್ತದೆ. ರೂ. 72,000ಕ್ಕೆ ಶೇ. 12ರ ಬಡ್ಡಿಯೆಂದರೆ ತಿಂಗಳಿಗೆ ರೂ. 720, ಒಂಬತ್ತು ತಿಂಗಳಿಗೆ ರೂ. 6,480, ಅಂದರೆ ಜಾಕೆಟ್ಟಿಗೆ ರೂ. 43 ಮೇಲೆ. ಮಾರ್ಚ್ 31ರಂದು ಉಳಿದ ದಾಸ್ತಾನನ್ನು ಅಸಲು ಅಥವಾ ಮಾರಾಟದಿಂದ ಬರಬಹುದಾದ ನಿವ್ವಳ ಮೌಲ್ಯ, ಎರಡರಲ್ಲಿ ಕಡಿಮೆಯಾದುದಕ್ಕೆ ಬರೆಯಬೇಕು. ಬಡ್ಡಿಯನ್ನು ಆ ಅಸಲಿಗೆ ಸೇರಿಸದೆ ಆ ವರ್ಷದ ವೆಚ್ಚಕ್ಕೇ ಹಾಕುವುದು ಕ್ರಮ; ಹರಕಲನ್ನು ಒಳ್ಳೆಯದರೊಂದಿಗೆ ಬೆರೆಸಿ ಸರಾಸರಿ ಬೆಲೆ ಹಾಕುವುದನ್ನು ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ.